ದಿಬ್ಬ ಕರೆ ದಬಗೆ ಬುಖ್ಯ

ಗ್ರಿಮ್ಸ್‌ಬಿಯ ಹಡಗುಕಟ್ಟೆ. ಸೋಮವಾರ, ಏಳೂವರೆ.
ಹೀಟರು ಬಿಸಿಯಾಗುವ ಮೊದಲು ನನ್ನ ಪಾಲಿನ ಕೆಲಸ
ಫೋನಿನ ಮೇಲಿನ ಕೆಂಪು ದೀಪ ಆರಿಸುವುದು.
ಶನಿವಾರ ಭಾನುವಾರ ಮೀನು ಕೇಳಿದವರು, ಬೈದವರು,
ಬೀಪ್ ಆದಮೇಲೆ ಏನೂ ತೋಚದೆ
ಬರೀ ಉಸಿರು ಬಿಟ್ಟು ಇಟ್ಟವರು.

ನಮ್ಮ ಕೋಲ್ಡ್ ಸ್ಟೋರೇಜಿಗೆ ಫೋನು ಮಾಡಿದರೆ
ಮೊದಲು ಸಿಗುವುದು ಅವಳು.
ಆರ್ಡರಿಗೆ ಒಂದು ಒತ್ತಿ, ಲಾರಿಗೆ ಎರಡು,
ಲೆಕ್ಕಪತ್ರಕ್ಕೆ ಮೂರು, ಲೆನ್ ಹಾಬ್ಸನ್ನರಿಗೆ ನಾಲ್ಕು.
ಯಾರೋ ಗೊತ್ತಿಲ್ಲ. ನಾನು ಹುಟ್ಟುವ ಮೊದಲೇ
ಟೇಪಿಗೆ ಹೇಳಿ ಹೋದವಳು, ಅದೂ ನೆಗಡಿಯಲ್ಲಿ:
ನ ಎಲ್ಲ ದ, ಮ ಎಲ್ಲ ಬ.
ದಿಬ್ಬ ಕರೆ ದಬಗೆ ಬುಖ್ಯ.
ಮೂವತ್ತು ವರ್ಷದಿಂದ ಇಡೀ ಕಂಪನಿಗೇ ಮೂಗು ಕಟ್ಟಿದೆ.
ಲಾರಿಯವರು ಅಣಕಿಸುತ್ತಾರೆ; ಮಂಜುಗಡ್ಡೆಯ ನಡುವೆ
ಬದುಕುವವರಿಗೆ ಇದೇ ಸರಿ ಎನ್ನುತ್ತಾರೆ.
ಮ್ಯಾನೇಜರು ಪ್ರತಿ ಏಪ್ರಿಲ್‌ನಲ್ಲಿ ಬದಲಾಯಿಸೋಣ ಎಂದು
ಮೇ ತಿಂಗಳಲ್ಲಿ ಮರೆಯುತ್ತಾರೆ.

ಈವತ್ತು ಆರನೆಯ ಸಂದೇಶ ಅವಳದೇ.

ಯಂತ್ರ ಕೆಟ್ಟಿತೆಂದುಕೊಂಡೆ,
ತನಗೆ ತಾನೇ ಫೋನು ಮಾಡಿಕೊಂಡಿದೆ ಎಂದು.
ಆದರೆ ಮೂಗು ಬಿಟ್ಟಿತ್ತು. ದನಿ ಸುಕ್ಕಾಗಿತ್ತು,
ಹಿಂದೆ ಎಲ್ಲೋ ಕೆಟಲು ಕುದಿಯುತ್ತಿತ್ತು.

"ನಾನು ಮೇವಿಸ್ ಕಾರ್ಟ್ಲೆಜ್. ಅಲ್ಲಿ ಕೂತಿದ್ದವಳು.
ಪಿಂಚಣಿ ಕಾಗದಕ್ಕೆಂದು ಮೂರು ಒತ್ತಿದೆ,
ನಾನೇ ನನಗೆ ತಡೆಯಲು ಹೇಳಿದೆ. ತಡೆದೆ,
ಹನ್ನೊಂದು ನಿಮಿಷ. ಎಂಥ ಸೊಕ್ಕಿನ ಹುಡುಗಿ,
ಒಂದು ಸಲವಾದರೂ ಏನಾಗಬೇಕಮ್ಮ ಅಂತ ಕೇಳಲಿಲ್ಲ.
ಆವತ್ತು ರಜೆ ಹಾಕಿ ಮಲಗಿದ್ದೆ, ಎಬ್ಬಿಸಿ ಕರೆಸಿದರು,
ಟೇಪಿನವನು ಮಧ್ಯಾಹ್ನವೇ ಹಲ್‌ಗೆ ಹೊರಡಬೇಕಿತ್ತಂತೆ.

ಇರಲಿ. ಮೇಲಿನ ಕಪಾಟಿನಲ್ಲಿ ನೀಲಿ ಪಟ್ಟಿಯ ಬಟ್ಟಲಿದ್ದರೆ
ಅದು ನನ್ನದು. ಒಳಗೆ ಚಹಾದ ಕರೆ. ಉಜ್ಜಬೇಡಿ, ಹೋಗುವುದಿಲ್ಲ.
ಕರೆ ಅಂದೆನಲ್ಲ, ನೆನಪಾಯಿತು:
ನಿಮ್ಮ ಕರೆ ನಮಗೆ ಮುಖ್ಯ ಅಂತ ಚೀಟಿ ಬರೆದು ಕೊಟ್ಟವರು
ಪಿಡ್ಜನ್ ಸಾಹೇಬರು. ಕೇಳಿದೆ, ಎಲ್ಲರದೂನಾ?
ಯೋಚಿಸಿದರು, ಪಾಪ. ಎಲ್ಲರದೂ, ಅಂದರು.
ಅದಕ್ಕೇ ಓದಿದೆ. ಇಲ್ಲದಿದ್ದರೆ ಓದುತ್ತಿರಲಿಲ್ಲ.

ಇನ್ನೊಂದು. ನಾಲ್ಕು ಒತ್ತಿದರೆ ಹತ್ತೊಂಬತ್ತಕ್ಕೆ ಹೋಗುತ್ತದೆ,
ಲೆನ್‌ನ ಮೇಜಿಗೆ. ಲೆನ್ ಸ್ಪೇನಿಗೆ ಹೋಗಿ ಯಾವ ಕಾಲವಾಯಿತು!
ಈಗ ನಾಲ್ಕು ಒತ್ತಿದವರನ್ನು
ನಾನು ಎಲ್ಲಿಗೆ ಕಳಿಸುತ್ತಿದ್ದೇನೆ?
ಯಾರಾದರೂ ಹೋಗಿ ನೋಡಿ."

ಅಳಿಸಲು ಏಳು, ಉಳಿಸಲು ಎರಡು. ಮತ್ತೆ ನೆಗಡಿ.
ಎರಡು ಒತ್ತಿದೆ.

ಬಟ್ಟಲು ಸಿಕ್ಕಿತು, ತುಂಬ ಸ್ಟೇಪ್ಲರ್ ಪಿನ್ನು.
ಹತ್ತೊಂಬತ್ತು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ.
ಮೊಬೈಲಿನಿಂದ ನಮಗೇ ಫೋನು ಮಾಡಿ, ನಾಲ್ಕು ಒತ್ತಿ,
ಗಂಟೆ ಎಲ್ಲಿ ಹೊಡೆಯುತ್ತದೆಂದು ಕಿವಿಗೊಟ್ಟು ನಡೆದೆ:
ಪ್ಯಾಕಿಂಗ್ ಹಾಲು, ಹ್ಯಾಡಕ್ ಸೀಳುವ ಹೆಂಗಸರ ಬೆನ್ನ ಹಿಂದೆ,
ಜಾರುವ ಮೆಟ್ಟಿಲು, ಹೊಗೆಗೂಡಿನ ಪಕ್ಕದ ಕೋಣೆ.
ಮುರಿದ ಕ್ರೇಟುಗಳ ಕೆಳಗೆ ಅದು ಅರಚುತ್ತಿತ್ತು,
ಯಾರೂ ಬರುವುದಿಲ್ಲವೆಂದು ಗೊತ್ತಿರುವವರ
ನಿರುಮ್ಮಳದಲ್ಲಿ.
ಧೂಳಿನ ಅಡಿಯಲ್ಲಿ ಕೆಂಪು ದೀಪ.

"ಪೆಟ್ಟಿಗೆ ತುಬ್ಬಿದೆ," ಅಂದಳು ಮೂಗು ಕಟ್ಟಿದ ಮೇವಿಸ್.
"ಕೇಳಲು ಒದ್ದು ಒತ್ತಿ."
ಕ್ರೇಟೊಂದನ್ನು ಮಗುಚಿ ಹಾಕಿ ಕೂತೆ. ಜೇಬಲ್ಲಿ ಪೆನ್ಸಿಲಿತ್ತು.
ಮೊದಲನೆಯವನು ಕೆಮ್ಮಿ ಗಂಟಲು ಸರಿಮಾಡಿಕೊಂಡ:
"ಲೆನ್, ಶನಿವಾರ ಮಗಳ ಮದುವೆ. ಹನ್ನೆರಡು ಪೆಟ್ಟಿಗೆ ಬೇಕು.
ಹೂಂ ಅನ್ನು, ಇಲ್ಲ ಉಹೂಂ ಅನ್ನು, ಕಾಯಿಸಬೇಡ ಮಾರಾಯ."

ಬರೆದುಕೊಂಡೆ. ಶನಿವಾರ. ಹನ್ನೆರಡು.
ಯಾವ ಶನಿವಾರವೆಂದು ಅವನು ಹೇಳಲಿಲ್ಲ.